ನಗುವಿನೊಳಗಿನ ಭಯಕ್ಕೆ ಕಿವಿಗೊಟ್ಟ ಪೆರೆಪೆಟ್ವ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕಂಪಾಲಾದ ಬುಕೊಟೊ ಬಡಾವಣೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ಪೆರೆಪೆಟ್ವ ನಕಿಟ್ಟೊ ಚಪ್ಪಲಿ ಕಳಚಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಕಿವಿಗೆ ಹೆಡ್‌ಫೋನ್, ಕಣ್ಣು ಮುಚ್ಚಿದೆ. ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ನಾಲ್ಕು ಜನ ಸೇರಿ ಒಂದು ಹಾಡು ಕಟ್ಟುತ್ತಿದ್ದಾರೆ. ಒಬ್ಬ ಒಂದು ಸಾಲು ಹೇಳುತ್ತಾನೆ, ಒಬ್ಬಳು ನಗುತ್ತಾಳೆ. ಭಾಷೆ ಪೆರೆಪೆಟ್ವರಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಆ ನಗುವನ್ನು ಅವರು ನಾಲ್ಕನೇ ಸಲ ಕೇಳುತ್ತಿದ್ದಾರೆ.

ಎದುರಿನ ಪರದೆಯಲ್ಲಿ ಯಂತ್ರ ಆಗಲೇ ತನ್ನ ತೀರ್ಪು ಬರೆದಿಟ್ಟಿದೆ: ಸಂತೋಷ. ಒಪ್ಪಿದರೆ ಒಂದು ಗುಂಡಿ, ಒಪ್ಪದಿದ್ದರೆ ಇನ್ನೊಂದು. ಬೆರಳು ಎರಡರ ನಡುವೆ ನಿಂತಿದೆ.

"ಇವಳು ನಗ್ತಿಲ್ಲ ನ್ಯಾಬೊ," ಎನ್ನುತ್ತಾರೆ, ನನ್ನ ಕಡೆ ತಿರುಗದೆ; ನ್ಯಾಬೊ ಎಂದರೆ ಇಲ್ಲಿ ಅಮ್ಮಾವ್ರೇ ಎಂದ ಹಾಗೆ. "ಉಸಿರು ಕೇಳಿ. ನಗೋರು ಉಸಿರು ಬಿಡ್ತಾರೆ. ಇವಳು ಬಿಗಿಹಿಡ್ಕೊಂಡಿದಾಳೆ."

ಕಂಪನಿಯ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ನನ್ನನ್ನು ಒಂದು ಬೆಳಗಿನ ಮಟ್ಟಿಗೆ ಒಳಗೆ ಬಿಟ್ಟಿದ್ದಾರೆ. ಸಾಲು ಮೇಜುಗಳ ಈ ಹಜಾರದಲ್ಲಿ ನಲವತ್ತಾರು ಜನ ಇದೇ ಕೆಲಸ ಮಾಡುತ್ತಾರೆ. ಕೃತಕ ಬುದ್ಧಿಮತ್ತೆಯ ಒಂದು ಯಂತ್ರಕ್ಕೆ ಮನುಷ್ಯರ ಮನಸ್ಸು ಕಲಿಸುವ ಕೆಲಸ. ನಾಲ್ಕಾರು ಜನ ಕೂಡಿ ನಾಟಕ ಕಟ್ಟುವಾಗ, ಹಾಡು ಹೆಣೆಯುವಾಗ, ಕಾರ್ಟೂನ್ ಸಿನಿಮಾ ಮಾಡುವಾಗ ಆ ಯಂತ್ರ ಮೂಲೆಯಲ್ಲಿ ಕೂತು ಆಲಿಸುತ್ತದೆ. ಯಾರಿಗೆ ಹುರುಪಿದೆ, ಯಾರಿಗೆ ಬೇಸರ ಬಂದಿದೆ, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ಬಣ್ಣದ ದೀಪದಲ್ಲಿ ತೋರಿಸುತ್ತದೆ. ತಂಡ ಚೆನ್ನಾಗಿ ನಡೆಯಲಿ ಎಂಬುದು ಉದ್ದೇಶ. ಆದರೆ ನಗು ಯಾವುದು, ಅಳು ಯಾವುದು ಎಂದು ಅದು ಮೊದಲು ಯಾರಿಂದಲಾದರೂ ಕಲಿಯಬೇಕಲ್ಲ? ಕಲಿಸುವವರು ಇಲ್ಲಿದ್ದಾರೆ.

ಹನ್ನೆರಡು ಸೆಕೆಂಡಿನ ತುಣುಕುಗಳು, ದಿನಕ್ಕೆ ಮುನ್ನೂರ ನಲವತ್ತು. ಆಯ್ಕೆಗೆ ಒಂಬತ್ತು ಭಾವಗಳು. ಅದೇ ತುಣುಕನ್ನು ಬೇರೆ ಇಬ್ಬರೂ ಕೇಳಿ ಗುರುತು ಹಾಕುತ್ತಾರೆ. ನಿಮ್ಮ ಗುರುತು ಅವರದ್ದರೊಂದಿಗೆ ನೂರಕ್ಕೆ ಎಂಬತ್ತೈದರಷ್ಟಾದರೂ ಹೊಂದಬೇಕು. ಅದಕ್ಕಿಂತ ಕೆಳಗೆ ಹೋದರೆ ಎಚ್ಚರಿಕೆ, ಇನ್ನೂ ಕೆಳಗೆ ಹೋದರೆ ಮನೆ. ಪರದೆಯ ಬಲಮೂಲೆಯಲ್ಲಿ ಆ ಅಂಕಿ ಸದಾ ಮಿನುಗುತ್ತಿರುತ್ತದೆ.

"ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಇವತ್ತು ಅದು ಎಷ್ಟಕ್ಕೆ ಇಳಿಯುತ್ತೋ ಅನ್ನೋ ಹೆದರಿಕೆ," ಎನ್ನುತ್ತಾರೆ ಪೆರೆಪೆಟ್ವ. "ಆರು ವರ್ಷ ಆಯ್ತು. ಇನ್ನೂ ಹೋಗಿಲ್ಲ."

ನಲವತ್ತೇಳರ ಪೆರೆಪೆಟ್ವ ಹುಟ್ಟಿದ್ದು ಮಸಾಕದ ಹತ್ತಿರದ ಹಳ್ಳಿಯಲ್ಲಿ. ತಂದೆ ಚರ್ಚಿನ ಉಪದೇಶಿ. ಹತ್ತೊಂಬತ್ತನೇ ವಯಸ್ಸಿಗೆ ನಟಿಯಾಗಬೇಕೆಂದು ಕಂಪಾಲಾಕ್ಕೆ ಬಂದವರಿಗೆ ನಾಟಕ ಕಂಪನಿಯ ಯಜಮಾನರು ಕೊಟ್ಟದ್ದು ಪ್ರಾಂಪ್ಟರ್ ಕೆಲಸ. ಪರದೆಯ ಹಿಂದೆ ಹಸ್ತಪ್ರತಿ ಹಿಡಿದು ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಕೊಡುವುದು. ಹದಿನೇಳು ವರ್ಷ ಅದನ್ನೇ ಮಾಡಿದರು. ಆ ನಾಟಕಗಳನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವಳು ನಾನು. ಪೆರೆಪೆಟ್ವ ಎಂಬೊಬ್ಬರು ಅಲ್ಲಿದ್ದಾರೆಂದು ಒಮ್ಮೆಯೂ ಗೊತ್ತಾಗಲಿಲ್ಲ.

"ಗೊತ್ತಾಗಿದ್ರೆ ನನ್ನ ಕೆಲಸ ಕೆಟ್ಟಿತು ಅಂತ ಅರ್ಥ," ಎಂದು ನಗುತ್ತಾರೆ. "ಮುಖ ನೋಡೋಕೆ ನಮಗೆ ಆಗ್ತಿರಲಿಲ್ಲ. ಬೆನ್ನೇ ಕಾಣ್ತಿದ್ದದ್ದು. ಹಾಗಾಗಿ ಉಸಿರು ಕೇಳೋದು ಕಲ್ತೆ. ಮಾತು ಮರೆಯೋಕೆ ಮುಂಚೆ ಉಸಿರು ಮರೀತಾರೆ."

ಆ ರಂಗಮಂದಿರ ಮುಚ್ಚಿ ಪ್ರಾರ್ಥನಾ ಮಂದಿರವಾಯಿತು. ಅದೇ ವರ್ಷ ಗಂಡ ತೀರಿಕೊಂಡರು. ನಾಲ್ಕು ವರ್ಷ ಶಾಲೆಯೊಂದರ ಗೇಟಿನ ಮುಂದೆ ಬಾಳೆಹಣ್ಣಿನ ಕಬಲಗಾಲ ಕರಿದು ಮಾರಿದರು. ಎಣ್ಣೆ ಹಾರಿ ಸುಟ್ಟ ಕಲೆ ಬಲಗೈ ಮೇಲಿದೆ. ಆಮೇಲೆ ಯಾರೋ ಹೇಳಿದ್ದು, ಬುಕೊಟೊದಲ್ಲಿ ಕಿವಿ ಚುರುಕಿರುವವರು ಬೇಕಂತೆ ಎಂದು. ಪರೀಕ್ಷೆಗೆ ಬಂದ ನೂರ ಹತ್ತು ಜನರಲ್ಲಿ ಎಲ್ಲರಿಗಿಂತ ಹಿರಿಯರು ಇವರೇ. ಎಲ್ಲರಿಗಿಂತ ಹೆಚ್ಚು ಅಂಕವೂ ಇವರದ್ದೇ.

ಅವರ ಮನೆಯಿರುವ ಚೆಬಾಂಡೊ ಓಣಿಯಲ್ಲಿ ಈಗ ಅವರನ್ನು ಕಂಡರೆ ತಮಾಷೆ. "ನೋಡ್ರೇ, ಮಿಷನ್ನಿಗೆ ಅಳೋದು ಕಲ್ಸೋಳು ಬಂದ್ಲು!" ಎಂದು ಟೊಮೆಟೊ ಮಾರುವಾಕೆ ಕೂಗುತ್ತಾಳೆ. "ನನ್ನ ದನಿ ಕೇಳ್ಬೇಡ ಪೆರೆಪೆಟ್ವ, ಇವತ್ತು ಗಂಡನ ಜೊತೆ ಜಗಳ ಆಡ್ಕೊಂಡು ಬಂದಿದೀನಿ," ಎಂದು ಇನ್ನೊಬ್ಬಳು. ಇವರೂ ನಗುತ್ತಾರೆ. ಆದರೆ ಬೆಳಗಿಂದ ಸಂಜೆವರೆಗೆ ಇತರರ ಎದೆಬಡಿತ ಕೇಳಿದ ಕಿವಿ ಮನೆಗೆ ಬಂದರೂ ಮುಚ್ಚುವುದಿಲ್ಲ. ಟ್ಯಾಕ್ಸಿಯಲ್ಲಿ ಪಕ್ಕದವರ ಮಾತಿಗೂ ಮನಸ್ಸಿನಲ್ಲೇ ಗುರುತು ಹಾಕುತ್ತಾರಂತೆ. ಎಡಗಿವಿಯಲ್ಲಿ ಒಂದು ಸಣ್ಣ ಗುಂಯ್ ಶಬ್ದ ಸೇರಿಕೊಂಡಿದೆ.

ಕಳೆದ ಮಾರ್ಚ್‌ನಲ್ಲಿ ನಡೆದದ್ದನ್ನು ಅವರು ಇದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ಒಂದು ಸೋಮವಾರ ಹೊಸ ಕಂತು ಬಂತು. ಹೆಡ್‌ಫೋನ್ ಹಾಕಿಕೊಂಡವರು ಬೆಚ್ಚಿದರು. ಲುಗಾಂಡ ಭಾಷೆ! ನಮ್ಮದೇ ಊರಿನ ಯಾವುದೋ ನಾಟಕ ತಂಡ. ಹೆಸರುಗಳನ್ನೆಲ್ಲ ಅಳಿಸಿದ್ದರು. ಧ್ವನಿ ಒಂದು, ಎರಡು, ಮೂರು, ನಾಲ್ಕು, ಅಷ್ಟೇ. ಆದರೆ ಎರಡನೇ ಧ್ವನಿ ಮೂಗಿನಿಂದ ಉಸಿರೆಳೆದುಕೊಂಡು ಮಾತು ಶುರು ಮಾಡಿದ ಕೂಡಲೇ ಪೆರೆಪೆಟ್ವರಿಗೆ ಯಾರೆಂದು ತಿಳಿಯಿತು. ವಲುಸಿಂಬಿ. ಒಂದು ಕಾಲಕ್ಕೆ ಇವರು ಪರದೆ ಹಿಂದಿನಿಂದ ಮಾತು ಕೊಡುತ್ತಿದ್ದ ನಟ. ಈಗ ಲುಜಿರದ ಹಳೆಯ ಗೋದಾಮಿನಲ್ಲಿ ಸ್ವಂತ ತಂಡ ನಡೆಸುವ ನಿರ್ದೇಶಕ.

ತುಣುಕುಗಳನ್ನು ಕೇಳುತ್ತಾ ಹೋದಂತೆ ಕಥೆ ಕೂಡಿಕೊಂಡಿತು. ನಾಟಕದ ನಾಯಕಿ ಸರೋವರದಾಚೆಯ ದಡ ನೋಡಲು ಒಂದು ಗೋಪುರ ಹತ್ತಬೇಕು. ಗೋಪುರಕ್ಕೆ ತಂಡದವರು ಒಂದರ ಮೇಲೊಂದು ಪೇರಿಸಿದ ಖಾಲಿ ಎಣ್ಣೆ ಪೀಪಾಯಿಗಳು. ಅಲ್ಲಿಂದ ಆಕೆ ಕೆಳಗೆ ಹಿಡಿದ ಬಟ್ಟೆಗೆ ಜಿಗಿಯಬೇಕು. ಮೊದಲ ದಿನ ಎರಡು ಪೀಪಾಯಿ. ಆಮೇಲೆ ಮೂರು. ಹತ್ತುವಾಕೆ ಮೂರನೇ ಧ್ವನಿ. ಪ್ರತಿ ಸಲ "ಸಿದ್ಧಾನಾ?" ಎಂದು ವಲುಸಿಂಬಿ ಕೇಳಿದಾಗ ಆಕೆ ಗಟ್ಟಿಯಾಗಿ ನಗುತ್ತಾಳೆ. "ಸಿದ್ಧ, ಸಿದ್ಧ! ಇನ್ನೊಂದು ಇಡಿ!"

ಯಂತ್ರ ಬರೆದದ್ದು: ಸಂತೋಷ, ಉತ್ಸಾಹ. ತಂಡದ ಒಟ್ಟು ಮನಸ್ಥಿತಿ ನೂರಕ್ಕೆ ತೊಂಬತ್ತೊಂದು.

"ನಾನು ಭಯ ಅಂತ ಒತ್ತಿದೆ. ಮುಂದಿನದಕ್ಕೂ ಭಯ. ಅದರ ಮುಂದಿನದಕ್ಕೂ ಭಯ. ಬೇರೆ ಇಬ್ಬರೂ ಸಂತೋಷ ಅಂತ ಹಾಕಿದ್ರು. ಅವರದ್ದು ತಪ್ಪಲ್ಲ, ಕೇಳೋಕೆ ನಗುನೇ ಅದು. ಬುಧವಾರದ ಹೊತ್ತಿಗೆ ನನ್ನ ಅಂಕಿ ತೊಂಬತ್ಮೂರರಿಂದ ಎಂಬತ್ತೊಂದಕ್ಕೆ ಬಿತ್ತು."

ಮೇಲ್ವಿಚಾರಕ ಕಯೊಂಡೊ ಕರೆಸಿದರು. ಅವಳಿ ಮಕ್ಕಳ ತಂದೆಯಾದ್ದರಿಂದ ಅವರನ್ನು ಎಲ್ಲರೂ ಸಲೊಂಗೊ ಎಂದೇ ಕರೆಯುವುದು. ಕೆಟ್ಟ ಮನುಷ್ಯರಲ್ಲ.

"ಏನಾಗಿದೆ ಅಮ್ಮಾ ನಿಮ್ಗೆ? ಕಿವಿ ತೋರಿಸ್ಕೊಳ್ಳಿ."

"ಕಿವಿ ಸರಿ ಇದೆ ಸಲೊಂಗೊ. ಆ ಹುಡುಗಿ ಬೀಳ್ತಾಳೆ. ಅವರಿಗೆ ಒಂದು ಮಾತು ಹೇಳಿಸಿ."

"ಯಾರಿಗೆ? ಅವರು ಯಾರು ಅಂತ ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ನೀವೂ ಗೊತ್ತು ಅನ್ಬೇಡಿ, ನನ್ನೆದುರಿಗಂತೂ ಬೇಡ. ಸಹಿ ಹಾಕಿದ ಕಾಗದದಲ್ಲಿ ಏನಿದೆ?"

ಕೇಳಿದ ಧ್ವನಿಯವರನ್ನು ಹುಡುಕಬಾರದು, ಮಾತಾಡಿಸಬಾರದು, ಎಂದಿದೆ. ಹಾಗೆ ಮಾಡಿದರೆ ಅದೇ ದಿನ ಕೆಲಸ ಹೋಗುತ್ತದೆ. ಪೆರೆಪೆಟ್ವ ತಮ್ಮ ಜಾಗಕ್ಕೆ ಬಂದು ಕೂತರು. ಗೋದಾಮಿನ ಹಿಂದಿನ ದಿನದ ತುಣುಕು ಪರದೆಗೆ ಬಂದಿತ್ತು. ನಾಲ್ಕು ಪೀಪಾಯಿ. ಈ ಸಲ ಮೂರನೇ ಧ್ವನಿ ನಗಲೇ ಇಲ್ಲ. ಮಾತೂ ಆಡಲಿಲ್ಲ. ಒಂಬತ್ತು ಸೆಕೆಂಡು ಬರೀ ಉಸಿರು, ಅದೂ ಗಂಟಲಿನಿಂದ ಕೆಳಗೆ ಇಳಿಯದ ಉಸಿರು. ಯಂತ್ರ ಬರೆದಿತ್ತು: ಶಾಂತ. ಕೊನೆಯಲ್ಲಿ ವಲುಸಿಂಬಿಯ ದನಿ: "ಭೇಷ್! ಗುರುವಾರ ಐದು."

"ಗುರುವಾರ ಅಂದ್ರೆ ನಾಳೆ. ಆ ಒಂಬತ್ತು ಸೆಕೆಂಡು ನಾನು ಕೇಳಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ನನ್ನದೇ ಎದೆ ಹೊಡ್ಕೊಳ್ಳೋದು ಹೆಡ್‌ಫೋನಿನೊಳಗೆ ಕೇಳ್ತಿತ್ತು."

ಗುರುವಾರ ಹನ್ನೊಂದು ಗಂಟೆಗೆ ಹೊಟ್ಟೆನೋವೆಂದು ಹೇಳಿ ಎದ್ದರು. ಬಾಡಿಗೆಯ ಬೋಡಾ ಬೈಕ್ ಹತ್ತಿ ಲುಜಿರಕ್ಕೆ ಹೊರಟರು. ದಾರಿಯುದ್ದಕ್ಕೂ ಎರಡು ಭಯ. ತಡವಾಯಿತೇನೋ ಎಂಬುದು ಒಂದು, ತಾನು ಕೇಳಿದ್ದೇ ತಪ್ಪಿರಬಹುದೆಂಬುದು ಇನ್ನೊಂದು. "ತಪ್ಪಾಗಿದ್ರೆ ಕೆಲಸನೂ ಹೋಯ್ತು, ಮರ್ಯಾದೆನೂ ಹೋಯ್ತು. ಏನಂತ ಹೇಳ್ಲಿ ಅವರಿಗೆ? ನಿಮ್ಮ ಹುಡುಗಿ ನಗೋದು ಸರಿ ಇಲ್ಲ ಅಂತಲಾ?"

ಗೋದಾಮಿನ ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ ಆ ಆಲಿಸುವ ಯಂತ್ರದ ಅಂಗೈಯಗಲದ ಕಪ್ಪು ಪೆಟ್ಟಿಗೆ, ಅದರ ಮೇಲೆ ಹಸಿರು ದೀಪ. ನಡುವೆ ಪೀಪಾಯಿಗಳ ಗೋಪುರ. ಪಕ್ಕಕ್ಕೆ ಒರಗಿಸಿದ ಏಣಿಯಿಂದ ಮೇಲೇರಿದ ಯುವತಿ ನಾಲ್ಕನೆಯದರ ಅಂಚಿನಲ್ಲಿ ನಿಂತು ಐದನೆಯದಕ್ಕೆ ಕೈ ಚಾಚಿದ್ದಳು. ಕೆಳಗೆ ಇಬ್ಬರು ಬಟ್ಟೆ ಹಿಡಿದಿದ್ದರು. ವಲುಸಿಂಬಿ ನೋಡುತ್ತಿದ್ದದ್ದು ದೀಪವನ್ನು.

ಕೂಗಿದರೆ ಆಕೆ ಬೆಚ್ಚಿ ಬೀಳಬಹುದಿತ್ತು. ಪೆರೆಪೆಟ್ವ ಗೋಡೆಯ ನೆರಳಿನಲ್ಲೇ ನಡೆದು ಗೋಪುರದ ಹಿಂದೆ ಹೋಗಿ ನಿಂತರು. ಹದಿನೇಳು ವರ್ಷ ಅಭ್ಯಾಸವಾದ ದನಿ, ಆಡುವವರಿಗಷ್ಟೇ ಮುಟ್ಟುವ ಪಿಸುದನಿ. ಅದರಲ್ಲಿ ಒಂದೇ ಮಾತು ಕೊಟ್ಟರು.

"ನಂಗೆ ಭಯ ಆಗ್ತಿದೆ."

ಮೇಲಿದ್ದವಳು ಅಲುಗಾಡಲಿಲ್ಲ. ಪೆರೆಪೆಟ್ವ ಇನ್ನೊಮ್ಮೆ ಹೇಳಿದರು. "ನಂಗೆ ಭಯ ಆಗ್ತಿದೆ. ಹೇಳು ಮಗಳೇ."

ನಟರು ಪ್ರಾಂಪ್ಟರ್ ಕೊಟ್ಟ ಮಾತನ್ನು ಯೋಚಿಸದೆ ಎತ್ತಿಕೊಳ್ಳುತ್ತಾರೆ. ಆಕೆಯೂ ಎತ್ತಿಕೊಂಡಳು, ಇಡೀ ಗೋದಾಮಿಗೆ ಕೇಳುವಂತೆ. "ನಂಗೆ ಭಯ ಆಗ್ತಿದೆ!" ಹಾಗೆಂದವಳೇ ಇದ್ದಲ್ಲೇ ಕುಸಿದು ಕೂತು ಪೀಪಾಯಿಯನ್ನು ತಬ್ಬಿಕೊಂಡಳು. ಗೋಪುರ ಒಮ್ಮೆ ಓಲಾಡಿತು. ಕೆಳಗಿದ್ದವರು ಬಟ್ಟೆ ಬಿಸಾಕಿ ಓಡಿಬಂದು ಪೀಪಾಯಿಗಳಿಗೆ ಬೆನ್ನು ಕೊಟ್ಟು ನಿಂತರು. ಹಸಿರಿದ್ದ ದೀಪ ಹಳದಿಗೆ ತಿರುಗಿತು. ಬೆನ್ನು ಕೊಟ್ಟವರೂ ಕತ್ತು ತಿರುಗಿಸಿ ಅದನ್ನೇ ನೋಡಿದರು, ಏನೋ ಅಪರಾಧ ಮಾಡಿ ಸಿಕ್ಕಿಬಿದ್ದವರ ಹಾಗೆ. ಆಗ ವಲುಸಿಂಬಿ ತಮ್ಮ ಕೋಟು ಬಿಚ್ಚಿ ಪೆಟ್ಟಿಗೆಯ ಮೇಲೆ ಎಸೆದು, ಏಣಿ ಹತ್ತಿದರು.

ಆಕೆಯನ್ನು ಇಳಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಪೀಪಾಯಿಗಳನ್ನು ಒಂದೊಂದಾಗಿ ಇಳಿಸಿದಾಗ, ಕೆಳಗಿನಿಂದ ಎರಡನೆಯದರ ಒಂದು ಬದಿ ತುಕ್ಕು ಹಿಡಿದು ಅಂಗೈ ಹೂತುಹೋಗುವಷ್ಟು ಒಳಗೆ ಕುಸಿದದ್ದು ಕಂಡಿತು. ಒಬ್ಬ ಹೊರಗೆ ಹೋಗಿ ವಾಂತಿ ಮಾಡಿಕೊಂಡ.

ನಸೊಲೊ, ಆ ಇಪ್ಪತ್ನಾಲ್ಕರ ನಟಿ, ನನ್ನೊಂದಿಗೆ ಮಾತಾಡುವಾಗ ಈಗಲೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುತ್ತಾಳೆ. "ಮೂರು ಪೀಪಾಯಿಗೇ ಕೆಳಗೆ ನೋಡೋಕಾಗ್ತಿರಲಿಲ್ಲ. ಹೇಳೋಣ ಅಂದ್ರೆ ದೀಪ ಹಳದಿ ಆಗುತ್ತೆ. ಹಳದಿ ಜಾಸ್ತಿ ಆದ ತಂಡಕ್ಕೆ ಮುಂದಿನ ವರ್ಷ ದುಡ್ಡಿನ ನೆರವು ಇಲ್ಲ ಅಂತ ಎಲ್ರೂ ಅಂದ್ಕೊಂಡಿದ್ವಿ. ಯಾರು ಹೇಳಿದ್ರು ಅಂತ ಕೇಳಿದ್ರೆ, ಯಾರೂ ಹೇಳಿಲ್ಲ. ಅದಕ್ಕೇ ನಗ್ತಿದ್ದೆ. ನಕ್ಕಷ್ಟೂ ಹಸಿರು, ಹಸಿರಾದಷ್ಟೂ ಇನ್ನೊಂದು ಪೀಪಾಯಿ."

ವಲುಸಿಂಬಿ ತಪ್ಪು ಒಪ್ಪಿಕೊಳ್ಳುವುದರಲ್ಲಿ ಹಿಂದೆ ಮುಂದೆ ನೋಡುವುದಿಲ್ಲ. "ನಾನು ಅವಳ ಮುಖ ನೋಡಿ ಆರು ವಾರ ಆಗಿತ್ತು ನ್ಯಾಬೊ. ದೀಪ ನೋಡ್ತಿದ್ದೆ. ಅದು ಖುಷಿ ಅಂತಿದೆ, ನಾನ್ಯಾರು ಅಲ್ಲ ಅನ್ನೋಕೆ?"

ಕೋಟು ಹೊದಿಸುವ ಮೊದಲೇ ಪೆಟ್ಟಿಗೆ ಕೇಳಬೇಕಾದ್ದನ್ನೆಲ್ಲ ಕೇಳಿಸಿಕೊಂಡಿತ್ತು. ಸೋಮವಾರ ಬೆಳಿಗ್ಗೆ ಸಲೊಂಗೊ ಪೆರೆಪೆಟ್ವರನ್ನು ಕರೆದು ಬಾಗಿಲು ಹಾಕಿದರು. ಒಂದು ತುಣುಕು ಹಾಕಿ ಕೇಳಿಸಿದರು. ಪಿಸುದನಿ. ಪರದೆಯ ಮೇಲೆ "ಧ್ವನಿ ಐದು" ಎಂದಿತ್ತು. ಪಕ್ಕದಲ್ಲಿ ಯಂತ್ರದ ತೀರ್ಪು: ಶಾಂತ.

"ಇದ್ಯಾರು ಅಮ್ಮಾ?"

"ನಾನೇ."

"ಅಲ್ಲ ಅನ್ನಿ. ನಾನು ನಂಬ್ತೀನಿ. ದಯವಿಟ್ಟು ಅಲ್ಲ ಅನ್ನಿ."

"ನಾನೇ ಸಲೊಂಗೊ. ಆದ್ರೆ ಅದು ಬರ್ದಿರೋದು ತಪ್ಪು. ಶಾಂತ ಅಂತೆ! ಹುಟ್ಟಿದಾಗಿಂದ ಅಷ್ಟು ಹೆದರಿರಲಿಲ್ಲ ನಾನು. ಅದನ್ನಾದ್ರೂ ತಿದ್ದಿ."

ಸಲೊಂಗೊ ತಿದ್ದಲಿಲ್ಲ. ತಲೆ ಮೇಜಿನ ಮೇಲಿಟ್ಟುಕೊಂಡು ಕೂತುಬಿಟ್ಟರು. ಪೆರೆಪೆಟ್ವರ ಗುರುತುಚೀಟಿ ವಾಪಸ್ ಪಡೆದು ಮನೆಗೆ ಕಳಿಸಲಾಯಿತು. ಏಳು ವಾರ. ಮತ್ತೆ ಒಲೆ ಹೂಡಿ ಕಬಲಗಾಲ ಕರಿಯುವುದೆಂದು ನಿಶ್ಚಯಿಸಿದ್ದರು. ಬಾಣಲೆಯನ್ನೂ ಉಜ್ಜಿ ಇಟ್ಟಿದ್ದರು.

ಎಂಟನೇ ವಾರ ಕರೆ ಬಂತು. ಮೇಲಿನವರು ಯಾರೋ ಅವರ ಹಳೆಯ ಗುರುತುಗಳನ್ನು ತೆಗೆದು ನೋಡಿದ್ದರು. ಆ ಗೋದಾಮಿನ ಧ್ವನಿಗಳಿಗೆ "ಭಯ" ಎಂದು ಹಾಕಿದವರು ಕೇಳಿದ ಮೂವರಲ್ಲಿ ಒಬ್ಬರೇ, ಮತ್ತು ಆ ಒಬ್ಬರು ಸರಿಯಿದ್ದರು. ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೊಸ ಕೆಲಸ ಕೊಟ್ಟರು: ನಗುವಿನ ತುಣುಕುಗಳಷ್ಟನ್ನೇ ಕೇಳಿ, ಯಾವ ನಗುವಿನೊಳಗೆ ಭಯವಿದೆ ಎಂದು ಯಂತ್ರಕ್ಕೆ ಹೇಳಿಕೊಡುವುದು. ಐದು ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ನಗು ಕೇಳಿದ್ದಾರೆ. ಯಂತ್ರ ಕಲಿಯುತ್ತಿದೆ. ಮೊದಲು ಹತ್ತಕ್ಕೆ ಒಂದನ್ನೂ ಹಿಡಿಯದಿದ್ದದ್ದು ಈಗ ಆರನ್ನು ಹಿಡಿಯುತ್ತದೆ.

ಇದು ಗೆಲುವಿನ ಸುದ್ದಿ ಎಂದುಕೊಂಡೇ ನಾನು ಅವರ ಪಕ್ಕ ಕೂತಿದ್ದೆ. ಆದರೆ ಊಟದ ಬಿಡುವಿನಲ್ಲಿ, ಮೆಟ್ಟಿಲ ಮೇಲೆ ಕೂತು ಬಾಳೆಕಾಯಿ ಬೇಯಿಸಿದ ಕಟೋಗೊ ತಿನ್ನುತ್ತಿದ್ದಾಗ, ಅವರು ತಟ್ಟೆ ಕೆಳಗಿಟ್ಟರು.

"ಒಂದು ಮಾತು ಹೇಳ್ಲಾ? ಹೋದ ತಿಂಗಳು ದೂರದ ಯಾವುದೋ ಊರಿನ ತಂಡ ಬಂದಿತ್ತು. ಏನೋ ಚಿತ್ರ ಮಾಡೋರು. ನಾಲ್ಕು ಧ್ವನಿ. ಅದರಲ್ಲಿ ನಾಲ್ಕನೆಯವನು ವಯಸ್ಸಾದವನು ಅನ್ಸುತ್ತೆ, ಏನು ಹೇಳಿದ್ರೂ ಮೊದಲು ಹೆಹ್ಹೆ ಅಂತಿದ್ದ. ಭಯ ಅಂತ ಗುರುತು ಹಾಕ್ದೆ. ಸರಿಯಾಗೇ ಹಾಕ್ದೆ. ಮುಂದಿನ ವಾರದ ಕಂತಲ್ಲಿ ಮೂರೇ ಧ್ವನಿ. ಅದರ ಮುಂದಿನ ವಾರವೂ ಮೂರೇ."

ಆತ ಕಾಯಿಲೆ ಬಿದ್ದಿರಬಹುದು, ಊರಿಗೆ ಹೋಗಿರಬಹುದು, ಎಂದೆ ನಾನು.

"ಇರಬಹುದು. ನಾನೂ ಹಾಗೇ ಹೇಳ್ಕೋತೀನಿ. ಆದ್ರೆ ಇವನು ಹೆದರ್ತಾನೆ, ಇವನು ಬೇಡ ಅಂತ ಯಾರಾದ್ರೂ ಅಂದಿದ್ರೆ? ನಸೊಲೊ ಹತ್ರ ನಾನು ಹೋದೆ. ಇವನ ಹತ್ರ ಯಾರು ಹೋದ್ರು? ಅವನು ಬಚ್ಚಿಟ್ಕೊಂಡಿದ್ದನ್ನ ನಾನು ತೆಗೆದು ತೋರಿಸಿದೆ. ಯಾರಿಗೆ ತೋರಿಸಿದೆ ಅಂತ ನಂಗೇ ಗೊತ್ತಿಲ್ಲ." ಅವರ ದನಿ ಸಣ್ಣದಾಯಿತು. "ಮೊದಲು ಅದಕ್ಕೆ ಗೊತ್ತಾಗಲ್ಲ ಅಂತ ಹೆದರ್ತಿದ್ದೆ ನ್ಯಾಬೊ. ಈಗ ಗೊತ್ತಾಗುತ್ತೆ ಅಂತ ಹೆದರ್ತೀನಿ. ಕಲಿಸಿದವಳು ನಾನೇ."

ಆಮೇಲಿಂದ ಪ್ರತಿ ಗುಂಡಿಯ ಮುಂದೆ ಬೆರಳು ತಡೆಯುತ್ತದೆ. ದಿನಕ್ಕೆ ಮುನ್ನೂರ ನಲವತ್ತಿದ್ದದ್ದು ಇನ್ನೂರ ತೊಂಬತ್ತಕ್ಕೆ ಇಳಿದಿದೆ. ಸಲೊಂಗೊ ನೋಡಿಯೂ ನೋಡದ ಹಾಗಿದ್ದಾರೆ. ಈ ಕೆಲಸ ಬಿಟ್ಟುಬಿಡಬಾರದೇ ಎಂದು ಕೇಳಿದೆ. ಅವರು ಚೀಲದಿಂದ ಒಂದು ಕಾಗದ ತೆಗೆದರು. ಮೇಲಿನವರಿಗೆ ಬರೆದ ಮೂರನೇ ಪತ್ರದ ನಕಲು. ಮೊದಲಿನ ಎರಡಕ್ಕೂ ಉತ್ತರ ಬಂದಿಲ್ಲ. ಅದರಲ್ಲಿ ರಜೆ ಕೇಳಿಲ್ಲ, ಬಡ್ತಿ ಕೇಳಿಲ್ಲ. ದುಂಡಗಿನ ಅಕ್ಷರದಲ್ಲಿ ಒಂದೇ ಕೋರಿಕೆಯಿದೆ. ಯಾರ ದನಿಯಲ್ಲಾದರೂ ಭಯ ಕಂಡಾಗ ಯಂತ್ರ ಬಣ್ಣ ತೋರಿಸಿ ಸುಮ್ಮನಾಗಬಾರದು, ಅದರ ಕೆಳಗೆ ಒಂದು ಸಾಲು ಬರಬೇಕು: ಎದ್ದು ಅವರ ಹತ್ತಿರ ಹೋಗಿ ಕೂತುಕೊಳ್ಳಿ.

"ಅಷ್ಟೇ ನನ್ನಾಸೆ," ಎಂದು ಕಾಗದ ಮಡಚುತ್ತಾ ಮೆಟ್ಟಿಲು ಹತ್ತುತ್ತಾರೆ. "ಆ ಸಾಲು ಬರೋ ತನಕ ಇಲ್ಲೇ ಇರ್ತೀನಿ. ನಾನು ಎದ್ದು ಹೋದ್ರೆ, ಎಲ್ರೂ ಖುಷಿಯಾಗಿದಾರೆ ಅಂತ ಬರ್ಕೊಂಡುಬಿಡುತ್ತೆ ಆ ಮಿಷನ್ನು."